ಕಾರು ಮಾಡ್ ಹಾಕಿದ ಮೇಲೆ ಆಟ ಕೆಟ್ಟರೆ: 2005ರ ಮೋಸ್ಟ್ ವಾಂಟೆಡ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ನೀಡ್ ಫಾರ್ ಸ್ಪೀಡ್ ಸರಣಿಯ ಮೋಸ್ಟ್ ವಾಂಟೆಡ್ ಆಟ ಬಂದದ್ದು 2005ರ ನವೆಂಬರಿನಲ್ಲಿ. ಅಂದಿನಿಂದ ಇಂದಿನವರೆಗೂ ಅದರ ರಾಕ್‌ಪೋರ್ಟ್ ನಗರದ ರಸ್ತೆಗಳಿಗೆ ಅಭಿಮಾನಿಗಳು ತಮ್ಮ ಕೈಯಿಂದಲೇ ಹೊಸ ಕಾರುಗಳನ್ನು ತಯಾರಿಸಿ ಇಳಿಸುತ್ತಲೇ ಇದ್ದಾರೆ. ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಸಲೀಸಾಗಿ ಓಡುವ ಆಟವಾದ್ದರಿಂದ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಬಾಡಿಗೆ ಕೋಣೆಗಳಲ್ಲಿ, ಮಂಡ್ಯದ ಹಾಸ್ಟೆಲುಗಳಲ್ಲಿ ಇದಕ್ಕೆ ಇಂದಿಗೂ ಒಲವಿದೆ. ಊರಿನ ಹುಡುಗರಿಗೆ ಲ್ಯಾಂಬೊರ್ಗಿನಿಗಿಂತ ಮಾರುತಿ 800 ಅಥವಾ ಅಂಬಾಸಿಡರ್ ಓಡಿಸುವುದರಲ್ಲೇ ಹೆಚ್ಚು ಖುಷಿ. ಅಂಥ ಕಾರುಗಳು ಮೂಲ ಆಟದಲ್ಲಿ ಇಲ್ಲದ ಕಾರಣ ಮಾಡ್, ಅಂದರೆ ಆಟವನ್ನು ಬದಲಿಸಲು ಅಭಿಮಾನಿಗಳು ತಯಾರಿಸಿದ ಫೈಲುಗಳನ್ನು, ಹಾಕುವುದು ಅನಿವಾರ್ಯ. ಮಾಡ್ ಹಾಕಿದಾಗ ಆಟ ಕೆಡುವುದೂ ಸಾಮಾನ್ಯ.

ಕೆಟ್ಟ ಕೂಡಲೇ ಹೆಚ್ಚಿನವರು ಆಟವನ್ನೇ ಅಳಿಸಿ ಮತ್ತೆ ಹಾಕುತ್ತಾರೆ, ಇಲ್ಲವೇ ಮಾಡ್ ಸರಿಯಿಲ್ಲವೆಂದು ಅದನ್ನು ತಯಾರಿಸಿದವರನ್ನು ದೂರುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಆಟ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಸರಿಯಾಗಿ ಗಮನಿಸಿದರೆ ಯಾವ ಫೈಲನ್ನು ಮೊದಲು ಅನುಮಾನಿಸಬೇಕು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಐಕಾನ್ ಒತ್ತಿದ ತಕ್ಷಣ ಮುಚ್ಚಿಕೊಂಡರೆ ದೋಷವಿರುವುದು ಮುಖ್ಯ ಪ್ರೋಗ್ರಾಂನಲ್ಲಿ ಅಥವಾ ಅದರ ಪಕ್ಕದಲ್ಲಿಟ್ಟ ಪ್ಲಗಿನ್‌ಗಳಲ್ಲಿ. ಮೊದಲ ಪರದೆ ಬಂದು ಮೆನು ಬರುವಷ್ಟರಲ್ಲಿ ನಿಂತರೆ ಗ್ಲೋಬಲ್ ಫೋಲ್ಡರಿನ ಫೈಲುಗಳನ್ನು ನೋಡಬೇಕು. ಪ್ರೊಫೈಲ್ ತೆರೆಯುವಾಗ ನಿಂತರೆ ಸೇವ್ ಫೈಲು, ಕಾರು ಆರಿಸುವಾಗ ನಿಂತರೆ ಆ ಕಾರಿನ ಆಕೃತಿ ಮತ್ತು ಬಣ್ಣದ ಫೈಲುಗಳು, ಓಟ ಶುರುವಾದ ಮೇಲೆ ಸ್ವಲ್ಪ ಹೊತ್ತಿಗೆ ನಿಂತರೆ ಬಹುಪಾಲು ಮೆಮೊರಿಯ ಕೊರತೆ. ಈ ಕೈಪಿಡಿಯನ್ನು ಇಂಥ ಹಂತಗಳ ಪ್ರಕಾರ ಭಾಗ ಮಾಡಿ ಬರೆದಿದ್ದೇನೆ. ನಿಮ್ಮ ಆಟ ನಿಂತ ಹಂತಕ್ಕೆ ನೇರವಾಗಿ ಹೋಗಬಹುದು, ಆದರೆ ಮುಂದಿನ ಭಾಗವನ್ನು ಮಾತ್ರ ಯಾರೂ ಬಿಡಬಾರದು.

ತಳಪಾಯ ಸರಿಯಿದೆಯೇ

ಮೊದಲನೆಯದಾಗಿ, ಇದೇ ಹೆಸರಿನ ಇನ್ನೊಂದು ಆಟ 2012ರಲ್ಲಿ ಬಂದಿದೆ. ಅದನ್ನು ತಯಾರಿಸಿದ ಸಂಸ್ಥೆ ಬೇರೆ, ಅದರ ಫೈಲುಗಳ ರಚನೆಯೇ ಬೇರೆ. ಅದಕ್ಕೆಂದು ಮಾಡಿದ ಕಾರು 2005ರ ಆಟಕ್ಕೆ ಎಂದಿಗೂ ಹೊಂದುವುದಿಲ್ಲ. ಸ್ನೇಹಿತರ ಪೆನ್‌ಡ್ರೈವಿನಿಂದ ಬಂದ ಮಾಡ್‌ಗಳಲ್ಲಿ ಇವೆರಡೂ ಬೆರೆತಿರುವುದುಂಟು. ಒಳಗೆ ಜಿಯಾಮೆಟ್ರಿ ಡಾಟ್ ಬಿನ್, ಟೆಕ್ಸ್ಚರ್ಸ್ ಡಾಟ್ ಬಿನ್ ಎಂಬ ಎರಡು ಫೈಲುಗಳಿದ್ದು, ಜೊತೆಗೆ ಬರುವ ರೀಡ್‌ಮಿ ಟಿಪ್ಪಣಿಯಲ್ಲಿ 2005 ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಮುಂದುವರಿಯಬೇಕು.

ಎರಡನೆಯದಾಗಿ, ಆಟ 1.3 ಆವೃತ್ತಿಗೆ ಏರಿರಬೇಕು. ಇದು ತಯಾರಕರು ಹೊರಡಿಸಿದ ಕೊನೆಯ ಪ್ಯಾಚ್, ಅಂದರೆ ತಿದ್ದುಪಡಿ. ಹೆಚ್ಚುಕಡಿಮೆ ಎಲ್ಲ ಪ್ಲಗಿನ್‌ಗಳೂ ಇದನ್ನೇ ಆಧಾರವಾಗಿಟ್ಟುಕೊಂಡು ಬರೆಯಲ್ಪಟ್ಟಿವೆ. ಪ್ಲಗಿನ್ ಎಂಬುದು ಆಟದ ಪ್ರೋಗ್ರಾಂ ಮೆಮೊರಿಗೆ ಏರಿದ ಮೇಲೆ ಅದರ ಇಂಥದೇ ವಿಳಾಸದಲ್ಲಿರುವ ಸೂಚನೆಯನ್ನು ಬದಲಿಸುತ್ತದೆ. ಪ್ರೋಗ್ರಾಂನ ಆವೃತ್ತಿ ಬೇರೆಯಾದರೆ ಆ ವಿಳಾಸದಲ್ಲಿ ಬೇರೆಯೇ ಸೂಚನೆ ಇರುತ್ತದೆ, ಅದನ್ನು ತಿದ್ದಿದ ಕ್ಷಣ ಆಟ ಕುಸಿಯುತ್ತದೆ. ಹಾಗಾಗಿ ಸ್ಪೀಡ್ ಡಾಟ್ ಇಎಕ್ಸ್‌ಇ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಅದರ ಗಾತ್ರ ನೋಡಿ. ಪ್ಲಗಿನ್‌ಗಳು ಕೇಳುವ 1.3 ಇಂಗ್ಲಿಷ್ ಆವೃತ್ತಿಯ ಗಾತ್ರ 6,029,312 ಬೈಟ್, ಅಂದರೆ 5.75 ಎಂಬಿ.

ಮೂರನೆಯದು ನಮ್ಮ ಕಡೆ ಬಹಳ ಕಾಣುವ ತೊಂದರೆ. ಕೈಯಿಂದ ಕೈಗೆ ದಾಟುತ್ತಾ ಬಂದ ಕಾಪಿಗಳಲ್ಲಿ ಜಾಗ ಉಳಿಸುವುದಕ್ಕಾಗಿ ವಿಡಿಯೊ, ಧ್ವನಿ, ಕೆಲವೊಮ್ಮೆ ಭಾಷೆಯ ಫೈಲುಗಳನ್ನೂ ಯಾರೋ ಕತ್ತರಿಸಿರುತ್ತಾರೆ. ಮೂಲ ಆಟ ಹೇಗೋ ಓಡಿಬಿಡುತ್ತದೆ. ಆದರೆ ಮಾಡ್ ಹಾಕುವ ಉಪಕರಣ ಆ ಫೈಲುಗಳನ್ನು ಹುಡುಕಿ, ಸಿಗದೆ, ಅರ್ಧಕ್ಕೆ ನಿಲ್ಲುತ್ತದೆ. ಇಂಥ ಕಾಪಿಯ ಮೇಲೆ ದೋಷ ಹುಡುಕುತ್ತಾ ಕೂರುವುದು ವ್ಯರ್ಥ ಶ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಸ್ಕಿನಿಂದ ಪೂರ್ತಿಯಾಗಿ ಹಾಕಿದ ಆಟವೇ ಬೇಕು, ಮತ್ತು ಯಾವ ಮಾಡ್ ಕೂಡ ಮುಟ್ಟದ ಆ ಫೋಲ್ಡರಿನ ಒಂದು ನಕಲು ಬೇರೆ ಡ್ರೈವಿನಲ್ಲಿ ಸದಾ ಇರಬೇಕು. ಕೆಳಗೆ ಹೇಳುವ ಬಹುತೇಕ ಪರೀಕ್ಷೆಗಳು ಈ ಶುದ್ಧ ನಕಲಿನೊಂದಿಗೆ ಹೋಲಿಸಿ ನೋಡುವುದರ ಮೇಲೆಯೇ ನಿಂತಿವೆ.

ಆಟ ತೆರೆಯುವುದೇ ಇಲ್ಲ

ಇಂಥ ಸಂದರ್ಭದಲ್ಲಿ ಊಹೆಗೆ ಇಳಿಯುವ ಮೊದಲು ವಿಂಡೋಸ್ ಏನು ಬರೆದಿಟ್ಟಿದೆ ಎಂದು ಓದಬೇಕು. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಎಂಬಲ್ಲಿ ಅಪ್ಲಿಕೇಶನ್ ಆರಿಸಿದರೆ, ಆಟ ಕುಸಿದ ಸಮಯಕ್ಕೆ ಸರಿಯಾಗಿ ಕೆಂಪು ಗುರುತಿನ ಒಂದು ಸಾಲು ಇರುತ್ತದೆ. ಅದರ ಈವೆಂಟ್ ಸಂಖ್ಯೆ 1000. ಅದನ್ನು ತೆರೆದಾಗ ಫಾಲ್ಟಿಂಗ್ ಮಾಡ್ಯೂಲ್ ಎಂಬ ಸಾಲಿನಲ್ಲಿ ಒಂದು ಫೈಲಿನ ಹೆಸರು ಸಿಗುತ್ತದೆ. ಅಲ್ಲಿ ಎಎಸ್‌ಐ ಎಂದು ಕೊನೆಗೊಳ್ಳುವ ಹೆಸರಿದ್ದರೆ ಆ ಪ್ಲಗಿನ್ ಅನ್ನು ಸ್ಕ್ರಿಪ್ಟ್ಸ್ ಫೋಲ್ಡರಿನಿಂದ ಹೊರಗಿಟ್ಟು ಮತ್ತೆ ಪ್ರಯತ್ನಿಸಿ. ಡಿ3ಡಿ9 ಎಂಬ ಹೆಸರಿದ್ದರೆ ಬಣ್ಣ, ಬೆಳಕು ಬದಲಿಸಲು ಹಾಕಿದ ಗ್ರಾಫಿಕ್ಸ್ ಮಾಡ್ ಅಥವಾ ಡ್ರೈವರಿನ ಕಡೆ ನೋಡಬೇಕು. ಸ್ಪೀಡ್ ಡಾಟ್ ಇಎಕ್ಸ್‌ಇ ಎಂದೇ ಇದ್ದರೆ ಪ್ರೋಗ್ರಾಂ ತಾನು ಓದಿದ ಯಾವುದೋ ಮಾಹಿತಿಯಿಂದ ತಪ್ಪು ದಾರಿ ಹಿಡಿದಿದೆ ಎಂದು ತಿಳಿಯಬೇಕು. ಆಗ ಗ್ಲೋಬಲ್ ಮತ್ತು ಕಾರ್ಸ್ ಫೋಲ್ಡರುಗಳನ್ನು ಅನುಮಾನಿಸಬೇಕು.

ಅದೇ ಜಾಗದಲ್ಲಿ ಎಕ್ಸೆಪ್ಷನ್ ಕೋಡ್ ಕೂಡ ಇರುತ್ತದೆ. ಸಿ0000005 ಎಂಬುದು ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದರ ಗುರುತು. ಇದು ನೂರಾರು ಕಾರಣಗಳಿಂದ ಬರುವುದರಿಂದ ಇದೊಂದನ್ನೇ ಹಿಡಿದು ಯಾವ ತೀರ್ಮಾನಕ್ಕೂ ಬರಲಾಗದು. ಸಿ000007ಬಿ ಎಂಬ ಸಂಕೇತ ಪರದೆಯ ಮೇಲೆ ಬಂದರೆ ಮಾತ್ರ ವಿಷಯ ಸುಲಭ. ಈ ಆಟ 32 ಬಿಟ್ ಪ್ರೋಗ್ರಾಂ. ಅದರ ಪಕ್ಕದಲ್ಲಿ ಯಾರೋ 64 ಬಿಟ್ ಲೈಬ್ರರಿ ಇಟ್ಟಿದ್ದಾರೆ. ಸಾಮಾನ್ಯವಾಗಿ ಅದು ಪ್ಲಗಿನ್‌ಗಳನ್ನು ಏರಿಸುವ ಡಿಇನ್‌ಪುಟ್8 ಎಂಬ ಫೈಲು. 32 ಬಿಟ್ ಆವೃತ್ತಿಯನ್ನು ಇಟ್ಟರೆ ಸರಿಹೋಗುತ್ತದೆ.

ಕೋಡೂ ಇಲ್ಲ, ಸಂದೇಶವೂ ಇಲ್ಲ, ಮಾಡ್ ಹಾಕಿದ್ದರೂ ಆಟ ಮೂಲ ರೂಪದಲ್ಲೇ ತೆರೆಯುತ್ತದೆ ಎಂದಾದರೆ ಆ್ಯಂಟಿವೈರಸ್‌ನ ಕ್ವಾರಂಟೈನ್ ಪಟ್ಟಿಯನ್ನು, ಅಂದರೆ ಅದು ಅನುಮಾನಿಸಿ ಬೇರೆಯಾಗಿಟ್ಟ ಫೈಲುಗಳನ್ನು, ನೋಡಿ. ಪ್ಲಗಿನ್‌ಗಳು ಬೇರೊಂದು ಪ್ರೋಗ್ರಾಂನ ಮೆಮೊರಿಯನ್ನು ತಿದ್ದುವುದರಿಂದ ಅವು ವೈರಸ್‌ನಂತೆಯೇ ಕಾಣುತ್ತವೆ ಮತ್ತು ಸದ್ದಿಲ್ಲದೆ ಮಾಯವಾಗುತ್ತವೆ. ಆದರೆ ಎಲ್ಲಿಂದ ಬಂದ ಫೈಲು ಎಂದು ಗೊತ್ತಿಲ್ಲದಿದ್ದರೆ ಅದನ್ನು ಹಿಂದಕ್ಕೆ ತರಲೇಬೇಡಿ. ತಯಾರಕರ ಪುಟದಿಂದಲೇ ಹೊಸದಾಗಿ ಇಳಿಸಿಕೊಳ್ಳಿ.

ಮಾಡಿದ ಬದಲಾವಣೆ ಆಟಕ್ಕೆ ಕಾಣುವುದೇ ಇಲ್ಲ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ದೋಷ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉಪಕರಣ ಯಶಸ್ವಿಯಾಯಿತು ಎಂದು ತೋರಿಸುತ್ತದೆ, ಫೋಲ್ಡರ್ ತೆರೆದರೆ ಹೊಸ ಫೈಲು ಅಲ್ಲಿಯೇ ಇದೆ, ಆದರೂ ಆಟದಲ್ಲಿ ಹಳೆಯ ಕಾರೇ ಬರುತ್ತದೆ. ಕಾರಣ, ಆಟ ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿದೆ. ವಿಸ್ತಾದಿಂದೀಚೆಗಿನ ವಿಂಡೋಸ್‌ಗಳು ಈ ಫೋಲ್ಡರನ್ನು ಕಾಯುತ್ತವೆ. ಅಡ್ಮಿನಿಸ್ಟ್ರೇಟರ್ ಹಕ್ಕಿಲ್ಲದ ಹಳೆಯ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಅದನ್ನು ತಡೆದು ದೋಷ ತೋರಿಸುವ ಬದಲು, ಬರೆದದ್ದನ್ನು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನೊಳಗಿನ ವರ್ಚುವಲ್‌ಸ್ಟೋರ್ ಎಂಬ ಗುಪ್ತ ಜಾಗಕ್ಕೆ ತಿರುಗಿಸುತ್ತದೆ. ಮುಂದೆ ಅಂಥದೇ ಪ್ರೋಗ್ರಾಂ ಆ ಫೈಲನ್ನು ಕೇಳಿದಾಗ ವಿಂಡೋಸ್ ಕೊಡುವುದು ಆ ಗುಪ್ತ ನಕಲನ್ನೇ.

ಇನ್ನು ಪರಿಣಾಮ ನೋಡಿ. ಮೊದಲ ಮಾಡ್ ಅನ್ನು ಸಾಮಾನ್ಯವಾಗಿ ಹಾಕಿದಿರಿ. ಅದು ವರ್ಚುವಲ್‌ಸ್ಟೋರಿಗೆ ಹೋಯಿತು. ಎರಡನೆಯದನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮೂಲಕ ಹಾಕಿದಿರಿ. ಅದು ನಿಜವಾದ ಫೋಲ್ಡರಿಗೆ ಬಂತು. ಆಟವನ್ನು ಸಾಮಾನ್ಯವಾಗಿ ತೆರೆದರೆ ಅದಕ್ಕೆ ಕಾಣುವುದು ಮೊದಲಿನದು ಮಾತ್ರ. ಕಾರಿನ ಒಂದು ಫೈಲು ಒಂದು ಕಡೆ, ಅದರ ಜೋಡಿ ಇನ್ನೊಂದು ಕಡೆ ಉಳಿದುಬಿಟ್ಟರೆ ಕುಸಿತವೂ ಆಗುತ್ತದೆ. ಶುದ್ಧ ನಕಲನ್ನು ಮೇಲೆ ಹಾಕಿದರೂ ದೋಷ ಹೋಗುವುದಿಲ್ಲ, ಏಕೆಂದರೆ ಗುಪ್ತ ನಕಲು ಹಾಗೆಯೇ ಕುಳಿತಿರುತ್ತದೆ. ಆಟವನ್ನು ತೆಗೆದು ಮತ್ತೆ ಹಾಕಿದ ಮೇಲೂ ಅದೇ ತೊಂದರೆ ಬಂದರೆ ಜನ ಮಾಡ್‌ನ ಮೇಲೆ ಅನುಮಾನ ಪಡುತ್ತಾರೆ. ಮೊದಲು ನೋಡಬೇಕಾದದ್ದು ವರ್ಚುವಲ್‌ಸ್ಟೋರ್. ಅಲ್ಲಿ ಆಟದ ಹೆಸರಿನ ಫೋಲ್ಡರ್ ಇದ್ದರೆ ಅದನ್ನು ಹೊರಗೆ ಸರಿಸಿ, ಆಟವನ್ನು ಡಿ ಡ್ರೈವಿನಲ್ಲಿ ಗೇಮ್ಸ್ ಎಂಬಂಥ ಸರಳ ಹೆಸರಿನ ಫೋಲ್ಡರಿಗೆ ವರ್ಗಾಯಿಸಿ. ಅಲ್ಲಿ ಈ ತಿರುಗಿಸುವಿಕೆ ನಡೆಯುವುದಿಲ್ಲ.

ಫೋಲ್ಡರಿಗೆ ಸರಳ ಹೆಸರು ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಅಭಿಮಾನದಿಂದ ವಿಂಡೋಸ್ ಬಳಕೆದಾರರ ಹೆಸರನ್ನು, ಫೋಲ್ಡರುಗಳನ್ನು ಕನ್ನಡ ಲಿಪಿಯಲ್ಲಿ ಇಟ್ಟುಕೊಂಡವರಿದ್ದಾರೆ. ಯೂನಿಕೋಡ್ ಬಳಸದ ಹಳೆಯ ಪ್ರೋಗ್ರಾಂಗಳು ಅಕ್ಷರಗಳನ್ನು ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳ (ಭಾಷೆಗೊಂದರಂತಿರುವ ಅಕ್ಷರಪಟ್ಟಿಗಳ) ಮೂಲಕ ಓದುತ್ತವೆ, ಮತ್ತು ಅಂಥ ಕೋಡ್ ಪೇಜ್ ವಿಂಡೋಸ್‌ನಲ್ಲಿ ಕನ್ನಡಕ್ಕೆ ಇಲ್ಲವೇ ಇಲ್ಲ. ಆದ್ದರಿಂದ ಆ ಹೆಸರಿನ ಪ್ರತಿಯೊಂದು ಅಕ್ಷರವೂ ಅವುಗಳಿಗೆ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ, ದಾರಿ ಸಿಗುವುದಿಲ್ಲ. ಫೋಲ್ಡರಿನ ಹೆಸರನ್ನು ಬದಲಿಸುವುದು ಸುಲಭ. ಬಳಕೆದಾರರ ಖಾತೆಯ ಹೆಸರಾದರೆ, ನಂತರ ಬದಲಿಸಿದರೂ ಡಿಸ್ಕಿನ ಮೇಲಿನ ಫೋಲ್ಡರಿನ ಹೆಸರು ಹಳೆಯದೇ ಉಳಿಯುವುದರಿಂದ, ಆಟಕ್ಕೆಂದೇ ಇಂಗ್ಲಿಷ್ ಅಕ್ಷರದ ಹೆಸರಿನ ಇನ್ನೊಂದು ಖಾತೆ ತೆರೆಯುವುದೇ ನೇರವಾದ ದಾರಿ.

ಕಾರು ಕಾಣುವುದಿಲ್ಲ, ಚಕ್ರ ಮಾತ್ರ ಕಾಣುತ್ತದೆ

ಮಂಡ್ಯದಿಂದ ಬಂದ ಒಬ್ಬ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ಕಾರೇ ಕಾಣ್ತಿಲ್ಲ ಕಣಣ್ಣ, ಬರೀ ಚಕ್ರ ಓಡ್ತವೆ" ಎಂದ. ನೋಡಿದರೆ ನಿಜವಾಗಿಯೂ ಗ್ಯಾರೇಜಿನ ಹೊಳೆಯುವ ನೆಲದ ಮೇಲೆ ನಾಲ್ಕು ಚಕ್ರಗಳು ತಮ್ಮ ಪಾಡಿಗೆ ನಿಂತಿದ್ದವು, ಮೇಲೆ ಏನೂ ಇರಲಿಲ್ಲ. ಯಾವ ಫೋಲ್ಡರಿಗೆ ಹಾಕಿದೆ ಎಂದು ಕೇಳಿದೆ. ಮಾಡ್ ಇದ್ದದ್ದು ಫಿಯೆಟ್ ಪುಂಟೊ ಕಾರಿನ ಬದಲಿಗೆ ಬರುವ ಮಾರುತಿ 800. ಆತನಿಗೆ ಪುಂಟೊ ಉಳಿಸಿಕೊಳ್ಳುವ ಆಸೆಯಿದ್ದುದರಿಂದ ಅದೇ ಎರಡು ಫೈಲುಗಳನ್ನು ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ಜಿಟಿಐ ಫೋಲ್ಡರಿಗೆ ಹಾಕಿದ್ದ.

ದೋಷ ಇರುವುದು ಇಲ್ಲಿಯೇ. ಜಿಯಾಮೆಟ್ರಿ ಫೈಲಿನೊಳಗೆ ಕಾರು ಒಂದೇ ಇಡೀ ಆಕೃತಿಯಾಗಿ ಇರುವುದಿಲ್ಲ. ಬಾಡಿ, ಬಾನೆಟ್, ದೀಪ, ಬಂಪರ್ ಎಲ್ಲವೂ ಬೇರೆ ಬೇರೆ ತುಂಡುಗಳಾಗಿ ಇರುತ್ತವೆ, ಮತ್ತು ಪ್ರತಿ ತುಂಡಿನ ಹೆಸರು ಕಾರಿನ ಹೆಸರಿನಿಂದಲೇ ಆರಂಭವಾಗುತ್ತದೆ. ಆಟ ಈ ಹೆಸರುಗಳಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆಯನ್ನು ಹಿಡಿದು ತುಂಡುಗಳನ್ನು ಹುಡುಕುತ್ತದೆ. ಜಿಟಿಐ ಫೋಲ್ಡರಿನಲ್ಲಿ ಅದು ಜಿಟಿಐ ಹೆಸರಿನ ಬಾಡಿಯನ್ನು ಹುಡುಕಿತು. ಅಲ್ಲಿ ಇದ್ದದ್ದು ಪುಂಟೊ ಹೆಸರಿನ ಬಾಡಿ. ಸಿಗದ ತುಂಡನ್ನು ಆಟ ಪರದೆಯ ಮೇಲೆ ಬಿಡಿಸುವುದೇ ಇಲ್ಲ. ಚಕ್ರಗಳು ಬೇರೆ ಕಡೆಯಿಂದ ಬರುವುದರಿಂದ ಅವು ಮಾತ್ರ ಉಳಿಯುತ್ತವೆ. ಆದ್ದರಿಂದ ಬದಲಿ ಕಾರಿನ ಮಾಡ್ ಅನ್ನು ಅದು ಯಾವ ಕಾರಿಗೆ ಎಂದು ತಯಾರಾಗಿದೆಯೋ ಅದೇ ಫೋಲ್ಡರಿಗೆ ಹಾಕಬೇಕು. ಬೇರೆ ಕಾರಿನ ಜಾಗಕ್ಕೆ ಬೇಕೆಂದರೆ ಮೂಲ ಮಾದರಿಯಿಂದ ಹೊಸ ಹೆಸರಿನೊಂದಿಗೆ ಮತ್ತೆ ಕಂಪೈಲ್ ಮಾಡಬೇಕು, ಅಂದರೆ ಆಟ ಓದುವ ಫೈಲಾಗಿ ಮತ್ತೆ ತಯಾರಿಸಬೇಕು, ಅದು ತಯಾರಕರ ಕೆಲಸ. ಆ ವಿದ್ಯಾರ್ಥಿ ಫೈಲುಗಳನ್ನು ಪುಂಟೊ ಫೋಲ್ಡರಿಗೆ ಸರಿಸಿದ. ಕೆಎ 11 ನಂಬರ್ ಪ್ಲೇಟಿನ ಬಿಳಿ ಮಾರುತಿ ಕೂಡಲೇ ಎದುರಿಗೆ ಬಂತು.

ಇದೇ ಜಾತಿಯ ಇನ್ನೊಂದು ಲಕ್ಷಣವಿದೆ. ಗ್ಯಾರೇಜಿನಲ್ಲಿ ಕಾರು ಚೆನ್ನಾಗಿ ಕಾಣುತ್ತದೆ, ಆದರೆ ಎದುರಾಳಿಯಾಗಿ ಅದೇ ಕಾರು ಬಂದಾಗ ಸ್ವಲ್ಪ ದೂರ ಹೋಗುತ್ತಲೇ ಮಾಯವಾಗುತ್ತದೆ. ಪ್ರತಿ ತುಂಡಿಗೂ ಹತ್ತಿರದ ನೋಟಕ್ಕೆ ಎ, ದೂರ ಹೋದಂತೆ ಬಿ, ಸಿ ಎಂಬ ಹಗುರ ಮಾದರಿಗಳು ಇರಬೇಕು. ತಯಾರಕರು ಎ ಒಂದನ್ನೇ ಕೊಟ್ಟಿದ್ದರೆ ದೂರದಲ್ಲಿ ಬಿಡಿಸಲು ಆಟದ ಬಳಿ ಏನೂ ಇರುವುದಿಲ್ಲ. ಇದನ್ನು ಬಳಸುವವರು ಸರಿಪಡಿಸಲಾಗದು, ತಿಳಿಸಿ ಸುಮ್ಮನಿರಬೇಕು.

ಚಕ್ರ ಬಾಡಿಯಿಂದ ಹೊರಗೆ, ಅಥವಾ ನೆಲದೊಳಗೆ

ಕಾರಿನ ರೂಪ ಜಿಯಾಮೆಟ್ರಿಯಲ್ಲಿದ್ದರೂ ಅದರ ನಡತೆ ಇರುವುದು ಅಲ್ಲಿ ಅಲ್ಲ. ಎಂಜಿನ್, ಗೇರ್, ಬ್ರೇಕ್, ಟೈರುಗಳ ಹಿಡಿತ, ಚಕ್ರಗಳ ಸ್ಥಾನ ಎಲ್ಲವೂ ಗ್ಲೋಬಲ್ ಫೋಲ್ಡರಿನ ಅಟ್ರಿಬ್ಯೂಟ್ಸ್ ಡಾಟ್ ಬಿನ್ ಎಂಬ ಫೈಲಿನಲ್ಲಿ ಇರುತ್ತವೆ. ಅದನ್ನು ತಿದ್ದುವುದಕ್ಕೆ ವಿಎಲ್‌ಟಿ-ಎಡ್ ಎಂಬ ಉಪಕರಣ ಬೇಕು. ಆಕೃತಿಯ ಎರಡು ಫೈಲುಗಳನ್ನು ಮಾತ್ರ ಹಾಕಿ, ಜೊತೆಗೆ ಬಂದ ಸ್ಕ್ರಿಪ್ಟನ್ನು (ತಿದ್ದಬೇಕಾದ ಅಂಶಗಳ ಪಟ್ಟಿಯನ್ನು) ಈ ಉಪಕರಣದಲ್ಲಿ ಓಡಿಸದೆ ಬಿಟ್ಟರೆ ಹೊಸ ಬಾಡಿ ಹಳೆಯ ಕಾರಿನ ಚಕ್ರಗಳ ಮೇಲೆ ಕೂರುತ್ತದೆ.

ಎಷ್ಟು ವ್ಯತ್ಯಾಸವಾದೀತು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಆಟದಲ್ಲಿರುವ ಐದನೆಯ ತಲೆಮಾರಿನ ಗಾಲ್ಫ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 2578 ಮಿಲಿಮೀಟರ್. ಮಾರುತಿ 800ರದು 2175. ಅಂದರೆ 403 ಮಿಲಿಮೀಟರ್ ವ್ಯತ್ಯಾಸ. ಬಾಡಿ ಸರಿಯಾಗಿ ನಡುವೆ ಕೂತಿತೆಂದರೂ ಮುಂದಿನ ಚಕ್ರ ತನ್ನ ಕಮಾನಿನಿಂದ 20 ಸೆಂಟಿಮೀಟರ್ ಮುಂದಕ್ಕೆ, ಹಿಂದಿನದು ಅಷ್ಟೇ ಹಿಂದಕ್ಕೆ ಸರಿದು ಬಂಪರುಗಳನ್ನು ಸೀಳಿಕೊಂಡು ನಿಲ್ಲುತ್ತದೆ. ಈ ಚಿತ್ರ ಕಂಡರೆ ಮಾದರಿ ಕೆಟ್ಟಿದೆ ಎಂದುಕೊಳ್ಳಬೇಡಿ, ಸ್ಕ್ರಿಪ್ಟ್ ಓಡಿಲ್ಲ ಎಂದು ತಿಳಿಯಿರಿ. ಗ್ಯಾರೇಜಿನಲ್ಲಿ ಚಕ್ರ ಸರಿಯಾದ ಜಾಗದಲ್ಲಿದ್ದು ತಿರುವಿನಲ್ಲಿ ಮಾತ್ರ ಕಾರು ದೊಡ್ಡ ಕಾರಿನಂತೆ ವರ್ತಿಸಿದರೆ, ಕಾಣುವ ಸ್ಥಾನವನ್ನು ತಿದ್ದಿ ಭೌತಿಕ ಲೆಕ್ಕಕ್ಕೆ ಬೇಕಾದ ಚಾಸಿ ಭಾಗವನ್ನು ತಿದ್ದದೆ ಬಿಟ್ಟಿದ್ದಾರೆ.

ಜಾವಾ, ಯೆಜ್ಡಿಗಳನ್ನು ಇದೇ ರೀತಿ ತರಬಹುದೇ ಎಂದು ಮೈಸೂರಿನಲ್ಲಿ ಕೇಳುವವರಿದ್ದಾರೆ. 1961ರಿಂದ 1996ರವರೆಗೆ ಆ ಬೈಕುಗಳು ತಯಾರಾದ ಊರಿನವರಿಗೆ ಆ ಆಸೆ ಸಹಜವೇ. ಆದರೆ ಈ ಆಟದ ಭೌತಿಕ ಲೆಕ್ಕವೆಲ್ಲ ನಾಲ್ಕು ಚಕ್ರಗಳ ಮೇಲೆ ನಿಂತಿದೆ. ಬೈಕಿನ ಆಕೃತಿ ತಂದರೂ ಅದು ಬಾಗುವುದಿಲ್ಲ, ಕಾರಿನಂತೆಯೇ ಓಡುತ್ತದೆ. ಅದು ದೋಷವಲ್ಲ, ಆಟದ ಮಿತಿ.

ಬದಲಿ ಕಾರಲ್ಲದೆ, ಇರುವ ಕಾರುಗಳ ಜೊತೆಗೆ ಹೊಸದಾಗಿ ಸೇರುವ ಆ್ಯಡ್-ಆನ್ ಕಾರುಗಳ ವಿಷಯ ಇನ್ನಷ್ಟು ಸೂಕ್ಷ್ಮ. ಅವುಗಳಿಗೆ ಆಕೃತಿ, ನಡತೆಗಳ ಜೊತೆಗೆ ಗ್ಲೋಬಲ್-ಬಿ ಫೈಲಿನಲ್ಲಿ ಕಾರಿನ ನೋಂದಣಿ, ಭಾಷೆಯ ಫೈಲಿನಲ್ಲಿ ಹೆಸರು, ಮೆನುವಿಗೆ ಲಾಂಛನದ ಚಿತ್ರ ಎಲ್ಲವೂ ಬೇಕು. ಎಡ್ ಅಥವಾ ಬೈನರಿ ಎಂಬ ಉಪಕರಣಗಳು ಈ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಕಾರೇ ಇಲ್ಲದಿದ್ದರೆ ನೋಂದಣಿ ಆಗಿಲ್ಲ; ಕಾರಿದ್ದು ಹೆಸರು ಖಾಲಿಯಿದ್ದರೆ ಭಾಷೆಯ ಫೈಲು ತಿದ್ದಲ್ಪಟ್ಟಿಲ್ಲ, ಅಥವಾ ನೀವು ಆಟವನ್ನು ಬೇರೆ ಭಾಷೆಯಲ್ಲಿ ಓಡಿಸುತ್ತಿದ್ದೀರಿ. ಕೆಲವು ಹಳೆಯ ಮಾಡ್‌ಗಳು ಸ್ಕ್ರಿಪ್ಟಿನ ಬದಲು ಗ್ಲೋಬಲ್-ಬಿ ಫೈಲನ್ನೇ ಇಡಿಯಾಗಿ ಕೊಡುತ್ತವೆ. ಅಂಥದ್ದನ್ನು ಹಾಕಿದ ಕ್ಷಣ ಅದಕ್ಕಿಂತ ಮೊದಲು ಸೇರಿಸಿದ ಎಲ್ಲ ಕಾರುಗಳ ನೋಂದಣಿಯೂ ಅಳಿಸಿಹೋಗುತ್ತದೆ. ಇಂಥ ಮಾಡ್‌ಗಳನ್ನು ಬಳಸಲೇಬೇಕಾದರೆ ಎಲ್ಲಕ್ಕಿಂತ ಮೊದಲು ಅದನ್ನು ಹಾಕಿ, ಉಳಿದವನ್ನು ಅದರ ಮೇಲೆ ಸೇರಿಸಬೇಕು.

ಗ್ಲೋಬಲ್-ಬಿ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲು ಅರ್ಧಕ್ಕೆ ನಿಲ್ಲುತ್ತದೆ, ಮುಂದೆ ಮೆನು ಬರುವ ಮೊದಲೇ ಆಟ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಳಲ್ಲಿ ಇದನ್ನು ಮೊದಲು ನೋಡುವುದು ಒಳ್ಳೆಯದು: ಆ ಫೈಲಿನ ಗಾತ್ರ ಸೊನ್ನೆಯಾಗಿದ್ದರೆ ಅಥವಾ ಶುದ್ಧ ನಕಲಿಗಿಂತ ತೀರ ಚಿಕ್ಕದಾಗಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಬಿಳಿ ಕಾರು, ಕಪ್ಪು ಗಾಜು, ನಡುವೆ ನಿಲ್ಲುವ ಓಟ

ಬಾಡಿ ಇದ್ದು ಬಣ್ಣವಿಲ್ಲದಿದ್ದರೆ ಟೆಕ್ಸ್ಚರ್ಸ್ ಫೈಲು ಹಿಂದಿನ ಕಾರಿನದೇ ಉಳಿದಿದೆ. ಎರಡನ್ನೂ ಒಂದೇ ಮಾಡ್‌ನಿಂದ ಜೋಡಿಯಾಗಿ ಬದಲಿಸಿ. ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ.

ಓಟದ ನಡುವೆ ನಿಲ್ಲುವುದಕ್ಕೆ ಮಾತ್ರ ವಿವರಣೆ ಬೇಕು. 32 ಬಿಟ್ ಪ್ರೋಗ್ರಾಂಗೆ ವಿಂಡೋಸ್ ಸಾಮಾನ್ಯವಾಗಿ 2 ಜಿಬಿಯಷ್ಟು ಮೆಮೊರಿ ವಿಳಾಸಗಳನ್ನು ಮಾತ್ರ ಬಿಟ್ಟುಕೊಡುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಆಟಕ್ಕೆ ಅದು ಸಿಗದು. ಇನ್ನು ಚಿತ್ರಗಳ ಲೆಕ್ಕ. ಉದ್ದ, ಅಗಲ ಎರಡೂ 1024 ಪಿಕ್ಸೆಲ್ ಇರುವ ಚಿತ್ರ ಡಿಎಕ್ಸ್‌ಟಿ5 ಸಂಕೋಚನದಲ್ಲಿ 1 ಎಂಬಿ ಹಿಡಿಯುತ್ತದೆ. ಅದೇ ಸಂಕೋಚನದಲ್ಲಿ ಎರಡೂ 4096 ಇರುವ ಚಿತ್ರ 16 ಎಂಬಿ, ಸಂಕೋಚನವೇ ಇಲ್ಲದಿದ್ದರೆ 64 ಎಂಬಿ. ದೂರದ ನೋಟಕ್ಕೆ ಬೇಕಾದ ಚಿಕ್ಕ ಪ್ರತಿಗಳು ಸೇರಿದರೆ ಇದರ ಮೇಲೆ ಮೂರನೆಯ ಒಂದು ಭಾಗ ಹೆಚ್ಚು. ಬಾಡಿ, ಒಳಾಂಗಣ, ಚಕ್ರ, ದೀಪ ಎಲ್ಲಕ್ಕೂ ಇಂಥ ಚಿತ್ರ ಬಳಸಿದ ಕಾರುಗಳನ್ನೇ ಎದುರಾಳಿಗಳಿಗೂ ಕೊಟ್ಟು, ಹಿಂದೆ ಪೊಲೀಸರ ದಂಡನ್ನೂ ಕಟ್ಟಿಕೊಂಡರೆ ಆ 2 ಜಿಬಿ ಬೇಗ ಮುಗಿಯುತ್ತದೆ.

ಪ್ರೋಗ್ರಾಂನಲ್ಲಿ ಲಾರ್ಜ್ ಅಡ್ರೆಸ್ ಅವೇರ್ ಎಂಬ ಗುರುತನ್ನು ಹಾಕಿದರೆ 64 ಬಿಟ್ ವಿಂಡೋಸ್‌ನಲ್ಲಿ ಈ ಮಿತಿ 4 ಜಿಬಿಗೆ ಏರುತ್ತದೆ. 4 ಜಿಬಿ ಪ್ಯಾಚ್ ಎಂದು ಜನ ಕರೆಯುವುದು ಇದನ್ನೇ. ಇದನ್ನು ಹಾಕುವುದಕ್ಕೆ ನನ್ನ ಅಭ್ಯಂತರವಿಲ್ಲ, ಆದರೆ ಅದು ರೋಗಕ್ಕೆ ಮದ್ದಲ್ಲ. ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ಆಟದ ಮೆಮೊರಿ ಏರುತ್ತಾ ಹೋಗುವುದನ್ನು ನೋಡಿ, 2 ಜಿಬಿಯ ಹತ್ತಿರಕ್ಕೆ ಬಂದಾಗಲೇ ಕುಸಿಯುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ನಂತರ ಅತಿ ದೊಡ್ಡ ಟೆಕ್ಸ್ಚರ್ಸ್ ಫೈಲಿರುವ ಕಾರನ್ನು ತೆಗೆದು ಅದೇ ಓಟವನ್ನು ಮತ್ತೆ ಓಡಿಸಿ. ಕಾರು ತಯಾರಿಸುವವರಿಗೂ ಒಂದು ಮಾತು: ನಂಬರ್ ಪ್ಲೇಟಿನ ಅಕ್ಷರ ಸ್ಪಷ್ಟವಾಗಿ ಕಾಣಲಿ ಎಂದು ಇಡೀ ಬಾಡಿಯ ಚಿತ್ರವನ್ನು 4096ಕ್ಕೆ ಏರಿಸಬೇಡಿ, ಪ್ಲೇಟಿಗೆ ಪ್ರತ್ಯೇಕವಾದ ಸಣ್ಣ ಚಿತ್ರ ಕೊಟ್ಟರೆ ಕೆಎ 09 ಎಂಬುದು ಅಷ್ಟೇ ಚೆನ್ನಾಗಿ ಓದಲು ಬರುತ್ತದೆ, ಬಾಡಿಗೆ 1024 ಸಾಕಾಗುತ್ತದೆ.

ಪ್ರೊಫೈಲ್ ತೆರೆಯುವಾಗಲೇ ಮುಚ್ಚಿಕೊಂಡರೆ

ಆ್ಯಡ್-ಆನ್ ಕಾರನ್ನು ಆಟದ ಕರಿಯರ್ ವಿಭಾಗದಲ್ಲಿ ಕೊಂಡು, ಆಡಿ, ಆಮೇಲೆ ಮಾಡ್ ತೆಗೆದಿದ್ದೀರಿ. ಸೇವ್ ಫೈಲಿನಲ್ಲಿ ಆ ಕಾರಿನ ಉಲ್ಲೇಖ ಇನ್ನೂ ಇದೆ; ಆಟ ಅದನ್ನು ಹುಡುಕಿ ಸಿಗದೆ ಕುಸಿಯುತ್ತದೆ. ಡಾಕ್ಯುಮೆಂಟ್ಸ್‌ನಲ್ಲಿ ಎನ್‌ಎಫ್‌ಎಸ್ ಮೋಸ್ಟ್ ವಾಂಟೆಡ್ ಎಂಬ ಫೋಲ್ಡರಿನಲ್ಲಿ ನಿಮ್ಮ ಪ್ರೊಫೈಲ್ ಇರುತ್ತದೆ. ಅದನ್ನು ತಾತ್ಕಾಲಿಕವಾಗಿ ಬೇರೆಡೆಗೆ ಸರಿಸಿ ಹೊಸ ಪ್ರೊಫೈಲ್ ತೆರೆದಾಗ ಆಟ ಸರಿಯಾಗಿ ಓಡಿದರೆ ರೋಗ ಗೊತ್ತಾಯಿತು. ಹಳೆಯ ಪ್ರೊಫೈಲನ್ನು ಅಳಿಸಬೇಡಿ. ತೆಗೆದ ಮಾಡ್ ಅನ್ನೇ ಮತ್ತೆ ಹಾಕಿ, ಪ್ರೊಫೈಲನ್ನು ತೆರೆದು, ಮೂಲ ಆಟದ ಕಾರೊಂದಕ್ಕೆ ಬದಲಾಯಿಸಿಕೊಂಡು, ಆ್ಯಡ್-ಆನ್ ಕಾರನ್ನು ಅಂಗಡಿಯಲ್ಲಿ ಮಾರಿ, ಸೇವ್ ಮಾಡಿ. ಮಾಡ್ ತೆಗೆಯುವುದು ಅದಾದ ಮೇಲೆಯೇ. ಗಂಟೆಗಟ್ಟಲೆ ಆಡಿ ಕಪ್ಪುಪಟ್ಟಿಯ 15 ಎದುರಾಳಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಸೋಲಿಸಿದ ಪ್ರೊಫೈಲು ಈ ಕಾರಣಕ್ಕೆ ಕಸದ ಬುಟ್ಟಿ ಸೇರುವುದನ್ನು ಕಂಡಾಗ ಸಂಕಟವಾಗುತ್ತದೆ, ಏಕೆಂದರೆ ಅದನ್ನು ಉಳಿಸಲು ಸಾಧ್ಯವಿತ್ತು.

ಎಲ್ಲಿಯೂ ಸುಳಿವು ಸಿಗದಿದ್ದರೆ

ಆಗ ಅರ್ಧ ಅರ್ಧ ಮಾಡಿ ಹುಡುಕುವುದೇ ಉಪಾಯ. ಶುದ್ಧ ನಕಲಿನಿಂದ ಆರಂಭಿಸಿ, ಹಾಕಿದ್ದ ಮಾಡ್‌ಗಳಲ್ಲಿ ಅರ್ಧವನ್ನು ಮಾತ್ರ ಹಾಕಿ ನೋಡಿ. ದೋಷ ಬಂದರೆ ಅದು ಈ ಅರ್ಧದಲ್ಲಿದೆ, ಬರದಿದ್ದರೆ ಉಳಿದ ಅರ್ಧದಲ್ಲಿ. ಸಿಕ್ಕ ಅರ್ಧವನ್ನು ಮತ್ತೆ ಎರಡು ಮಾಡಿ. 16 ಮಾಡ್‌ಗಳಿದ್ದರೂ ನಾಲ್ಕು ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತದೆ; ಒಂದೊಂದಾಗಿ ತೆಗೆಯುತ್ತಾ ಹೋದರೆ 15 ಸಲದವರೆಗೂ ಬೇಕಾದೀತು. ಎರಡು ಅರ್ಧಗಳೂ ಬೇರೆ ಬೇರೆಯಾಗಿ ಸರಿಯಾಗಿ ಓಡಿ, ಒಟ್ಟಿಗೆ ಇದ್ದಾಗ ಮಾತ್ರ ಆಟ ನಿಂತರೆ, ಎರಡು ಮಾಡ್‌ಗಳು ಒಂದೇ ಫೈಲನ್ನು ತಿದ್ದುತ್ತಿವೆ ಅಥವಾ ಕಾರುಗಳ ಸಂಖ್ಯೆ ಆಟದ ಮೂಲ ಮಿತಿಯನ್ನು ಮೀರಿದೆ. ಎರಡನೆಯದಕ್ಕೆ ಅನ್‌ಲಿಮಿಟರ್ ಎಂಬ ಪ್ಲಗಿನ್ ಇದೆ. ಪ್ರತಿ ಸುತ್ತಿನಲ್ಲಿಯೂ ಅದೇ ಕಾರು, ಅದೇ ಓಟ, ಅದೇ ಗ್ರಾಫಿಕ್ಸ್ ಸೆಟ್ಟಿಂಗ್ ಇರಬೇಕು. ಒಂದು ಸುತ್ತಿನಲ್ಲಿ ಎರಡು ಬದಲಾವಣೆ ಮಾಡಿದರೆ ಫಲಿತಾಂಶ ಯಾವುದರದ್ದು ಎಂದು ಹೇಳಲಾಗದು, ಆ ಸುತ್ತನ್ನು ಮತ್ತೆ ಮಾಡಬೇಕಾಗುತ್ತದೆ.

ಇಳಿಸಿಕೊಂಡ ಫೈಲೇ ಹಾಳಾಗಿದೆಯೇ ಎಂಬ ಅನುಮಾನವಿದ್ದರೆ, ಸೆವೆನ್‌ಜಿಪ್ ಹಾಕಿಕೊಂಡಿರುವವರು ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಸಿಆರ್‌ಸಿ ಸಂಖ್ಯೆ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ತೆಗೆದು, ಅದೇ ಮಾಡ್ ಸರಿಯಾಗಿ ಓಡುತ್ತಿರುವ ಸ್ನೇಹಿತರ ಫೈಲಿನ ಸಂಖ್ಯೆಯೊಂದಿಗೆ ಹೋಲಿಸಬಹುದು. ಒಂದು ಅಂಕಿ ಬೇರೆಯಾದರೂ ಫೈಲು ಬೇರೆ.

ತಪ್ಪು ಮಾಡ್‌ನಲ್ಲಿಯೇ ಇದೆ ಎಂದು ಖಚಿತವಾದ ಮೇಲೆ ತಯಾರಕರಿಗೆ ಬರೆಯಿರಿ. ಅವರು ಸಂಬಳವಿಲ್ಲದೆ, ರಾತ್ರಿ ಹೊತ್ತು ಕೂತು, ಒಂದು ಬಂಪರಿನ ಅಂಚು ನೇರವಾಗಲೆಂದು ವಾರಗಟ್ಟಲೆ ದುಡಿದವರು; "ವರ್ಕ್ ಆಗ್ತಿಲ್ಲ" ಎಂಬ ಒಂದು ಸಾಲಿನಿಂದ ಅವರಿಗೆ ಯಾವ ಸಹಾಯವೂ ಆಗದು. ವಿಂಡೋಸ್ ಆವೃತ್ತಿ, ಸ್ಪೀಡ್ ಫೈಲಿನ ಗಾತ್ರ, ಆಟ ಇರುವ ಫೋಲ್ಡರಿನ ಪೂರ್ತಿ ದಾರಿ, ಯಾವ ಹಂತದಲ್ಲಿ ನಿಂತಿತು, ಈವೆಂಟ್ ವ್ಯೂವರಿನಲ್ಲಿ ಸಿಕ್ಕ ಮಾಡ್ಯೂಲ್ ಮತ್ತು ಕೋಡ್, ಆ ಮಾಡ್ ಒಂದೇ ಇದ್ದಾಗಲೂ ದೋಷ ಬರುತ್ತದೆಯೇ ಎಂಬುದು, ಸಾಧ್ಯವಾದರೆ ಒಂದು ಪರದೆಚಿತ್ರ, ಇಷ್ಟನ್ನು ಒಂದೇ ಪತ್ರದಲ್ಲಿ ಬರೆದು ಕಳುಹಿಸಿ.